ಜಪಾನ್‌ನಿಂದ ಸೆಕೆಂಡ್‌ಹ್ಯಾಂಡ್ ಗಾಡಿ ತರ್ಸಿದೀವಿ, ಕಂಪ್ಲೈಯನ್ಸ್ (ಗಾಡೀನ ಇಲ್ಲಿನ ರೂಲಿಗೆ ಹೊಂದಿಸೋ ಕೆಲ್ಸ) ಮುಗೀತಾನೇ ಇಲ್ಲ, ಬಿಲ್ ಮಾತ್ರ ಬರ್ತಾನೇ ಇದೆ (ಮೆಲ್ಬರ್ನ್)

ಹಾಸನ್_ಟು_ಮೆಲ್ಬರ್ನ್
ಎಲ್ರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬರ್ತಿದಾರೆ, ಮನೇಲಿ ಎರಡು ಮಕ್ಳು ಚೈಲ್ಡ್ ಸೀಟಲ್ಲಿ, ಹಂಗಾಗಿ ಏಳು ಜನ ಕೂರೋ ಗಾಡಿ ಬೇಕಿತ್ತು. ಇಲ್ಲಿ ಕಿಯಾ ಕಾರ್ನಿವಲ್ ನೋಡಿದ್ವಿ, ರೇಟ್ ಕೇಳಿ ವಾಪಸ್ ಬಂದ್ವಿ. ಆಮೇಲೆ ಒಬ್ಬ ಬ್ರೋಕರ್ ಮೂಲಕ ಜಪಾನ್ ಆಕ್ಷನ್‌ನಲ್ಲಿ 2013ರ ಟೊಯೋಟಾ ಆಲ್ಫಾರ್ಡ್ ಹೈಬ್ರಿಡ್ ತಗೊಂಡ್ವಿ. ಗಾಡಿ ಚೆನ್ನಾಗೇ ಇದೆ, ಆಕ್ಷನ್ ಶೀಟಲ್ಲಿ ಗಾಡಿ ಸ್ಥಿತಿಗೆ ಗ್ರೇಡ್ 4 ಇತ್ತು, ಹಡಗೂ ಟೈಮಿಗೆ ಇಲ್ಲಿನ ವೆಬ್ ಡಾಕ್ ಬಂದರಿಗೆ ಬಂತು. ಅಲ್ಲಿಂದ ಶುರುವಾಯ್ತು ನೋಡಿ. ಮೊದ್ಲು ಕ್ವಾರಂಟೈನ್‌ನವರು ತಡೆದ್ರು, ಮತ್ತೆ ತೊಳೀಬೇಕಂತೆ, ಅದಕ್ಕೊಂದು ಬಿಲ್, ಅದು ಮುಗಿಯೋವರೆಗೆ ನಿಂತಿದ್ದಕ್ಕೆ ಸ್ಟೋರೇಜ್ ಬಿಲ್, ಆಮೇಲೆ ವರ್ಕ್‌ಶಾಪ್‌ಗೆ ಹೋಯ್ತು, ಅಲ್ಲಿ ಕ್ಯೂ ಇದೆ ಅಂತ ಗಾಡಿ ಹಿಂದಿನ ಅಂಗಳದಲ್ಲಿ ಧೂಳು ತಿಂತಾ ನಿಂತಿದೆ, ಈಗ ನಾಲ್ಕೂ ಟೈರ್ ಬದಲಾಯಿಸ್ಬೇಕು ಅಂತಾರೆ. ಬ್ರೋಕರ್ ಕೊಟ್ಟ ಕೋಟಲ್ಲಿ "ಎಲ್ಲಾ ಸೇರಿ ಅಂದಾಜು" ಅಂತ ಒಂದೇ ಸಾಲು. ಫೋನ್ ಮಾಡಿದ್ರೆ ಬ್ರೋಕರ್ ವರ್ಕ್‌ಶಾಪ್‌ನವ್ರನ್ನ ಕೇಳಿ ಅಂತಾನೆ, ಅವರು ಡಿಪಾರ್ಟ್‌ಮೆಂಟ್ ಅಂತಾರೆ. ಇದು ಎಲ್ರಿಗೂ ಹಿಂಗೇನಾ, ಇಲ್ಲಾ ನಂಗೆ ಟೋಪಿ ಹಾಕ್ತಿದಾರಾ?

ಕೆಎ19_ಸಿಡ್ನಿ
ಟೋಪಿ ಅಂತ ಈಗ್ಲೇ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ನೀವು ಹೇಳಿದ್ದರಲ್ಲಿ ತುಂಬಾ ಸಂಗತಿ ಮಾಮೂಲಿ, ಆದ್ರೆ ಮೊದಲೇ ಬಿಡಿಸಿ ಹೇಳ್ಬೇಕಿತ್ತು, ಹೇಳ್ಲಿಲ್ಲ, ಅದೇ ತಕರಾರು.

2021 ಜುಲೈ 1ಕ್ಕೆ ಇಲ್ಲಿ ಕಾನೂನೇ ಬದಲಾಯ್ತು. ಮೊದಲು 1989ರ ಆಕ್ಟ್ ಇತ್ತು, ಗಾಡಿಗೆ ಕಂಪ್ಲೈಯನ್ಸ್ ಪ್ಲೇಟ್ ಹೊಡೀತಿದ್ರು. ಈಗ ಪ್ಲೇಟ್ ಬದಲು ರಾವ್ ಅಂತ ಆನ್‌ಲೈನ್ ರಿಜಿಸ್ಟರ್, ಅದರಲ್ಲಿ ನಿಮ್ಮ ಗಾಡಿ ನಂಬರ್ ಏರಿದ್ರೇನೇ ರಿಜಿಸ್ಟ್ರೇಶನ್. ಏರಿಸೋ ಅಧಿಕಾರ ಅಪ್ರೂವಲ್ ಇರೋ ವರ್ಕ್‌ಶಾಪ್‌ಗೆ ಮಾತ್ರ. ಆ ವರ್ಕ್‌ಶಾಪ್‌ನವ್ರ ಹತ್ರ ನಿಮ್ಮ ಮಾಡೆಲ್‌ಗೆ ಸರಿಯಾದ ಮಾಡೆಲ್ ರಿಪೋರ್ಟ್ ಬಳಸೋ ಹಕ್ಕು ಇರ್ಬೇಕು, ಅದರಲ್ಲಿ ಏನೇನು ಬದಲಾಯಿಸ್ಬೇಕು ಅಂತ ಇಂಚಿಂಚೂ ಬರ್ದಿರ್ತದೆ. ಅವರು ಕೆಲ್ಸ ಮುಗಿಸಿದ್ಮೇಲೆ ಅವರಿಗೆ ಸಂಬಂಧ ಇಲ್ಲದ ಬೇರೆ ವೆರಿಫೈಯರ್ ಬಂದು ಗಾಡಿ ನೋಡಿ ಸೈ ಅನ್ಬೇಕು. ಮೊದ್ಲು ಒಬ್ಬನೇ ಮಾಡಿ ಒಬ್ಬನೇ ಸೈ ಹಾಕ್ತಿದ್ದ, ಈಗ ಇಬ್ರು. ಕಾಯೋದು ಜಾಸ್ತಿ ಆಗಿದ್ದು ಇಲ್ಲಿಯೇ. ಸಮುದ್ರದಲ್ಲಿ ಗಾಡಿ ಕಳೆಯೋದು ಕೆಲವು ವಾರ ಅಷ್ಟೇ, ಅಂಗಳದಲ್ಲಿ ಕಳೆಯೋದು ಅದಕ್ಕಿಂತ ಎಷ್ಟೋ ಜಾಸ್ತಿ.

ಟೈರ್ ವಿಷ್ಯ ನಿಜ. ತುಂಬಾ ಗಾಡಿಗೆ ಬದಲಾಯಿಸ್ಲಿಕ್ಕೆ ಹೇಳ್ತಾರೆ.

ಎಡವಟ್_ರಾಯ
ಇಷ್ಟೆಲ್ಲಾ ಯಾಕ್ ಗುರು, ಇಲ್ಲೇ ಯಾರ್ಡಲ್ಲಿ ರಿಜಿಸ್ಟ್ರೇಶನ್ ಆಗಿರೋ ಆಲ್ಫಾರ್ಡ್ ಸಾಲಾಗಿ ನಿಂತಿವೆ. ನಾಕು ಕಾಸು ಜಾಸ್ತಿ ಕೊಟ್ರೆ ಅವತ್ತೇ ಮನೆಗೆ ಓಡಿಸ್ಕೊಂಡ್ ಹೋಗ್ಬೋದು.

ಧಾರವಾಡದಾಂವ
ಎಡವಟ್ ಅವ್ರ, ನಾಕು ಕಾಸು ಅಲ್ರಿ ಅದು, ಯಾರ್ಡನ್ಯಾಗ ಅವ್ರ ಲಾಭ ಅವ್ರು ಇಟ್ಕೊಂಡಿರ್ತಾರ. ಆದ್ರ ಅವಸರ ಇದ್ದವ್ರಿಗೆ ಅದ ಚೊಲೋ, ಅದನ್ನ ಒಪ್ಕೋತೀನಿ.

ಹಾಸನ್ ಅವ್ರ, ನಮ್ಮನ್ಯಾಗ ಟೊಯೋಟಾ ಎಸ್ಟಿಮಾ ಹೈಬ್ರಿಡ್ ಐತ್ರಿ, ಜಪಾನ್‌ದಿಂದಾನ ಬಂದದ್ದು. ನಾ ಬಿಡ್ ಮಾಡೂಕಿಂತ ಮೊದ್ಲ ವರ್ಕ್‌ಶಾಪ್‌ನವ್ರಿಗೆ ಹೋಗಿ ಎದ್ರಿಗೆ ಕೂತು ಕೇಳಿದ್ದೆ: ಈ ಮಾಡೆಲ್ ಕೋಡ್‌ಗೆ ನಿಮ್ಮ ಹತ್ರ ರಿಪೋರ್ಟ್ ಐತೇನು, ಸದ್ಯ ಎಷ್ಟು ಗಾಡಿ ಸರತಿನ್ಯಾಗ ನಿಂತಾವ, ಟೈರ್, ಟಾಪ್ ಟೆದರ್ (ಚೈಲ್ಡ್ ಸೀಟಿನ ಮ್ಯಾಲಿನ ಪಟ್ಟಿ ಸಿಗಿಸೂ ಕೊಕ್ಕಿ) ಎಲ್ಲಾ ನಿಮ್ಮ ರೇಟಿನ್ಯಾಗ ಬರ್ತಾವೋ ಬ್ಯಾರೇನೋ, ವೆರಿಫೈಯರ್ ಫೀ ಯಾರು ಕೊಡೂದು. ಎಲ್ಲಾ ಇಮೇಲ್‌ನ್ಯಾಗ ಬರಸ್ಕೊಂಡೆ. ಬಾಯಿಮಾತು ಕೇಳ್ಬ್ಯಾಡ್ರಿ. ಬ್ರೋಕರ್ ಅನ್ನಾಂವ ಗಾಡಿ ಕೊಡ್ಸಿ ಕಮಿಷನ್ ತಗೊಂಡ್ಮ್ಯಾಲೆ ಅವನ ಕೆಲ್ಸ ಮುಗೀತು, ವರ್ಕ್‌ಶಾಪ್‌ನ ಸರತಿಗೂ ಅವಂಗೂ ಏನ್ ಸಂಬಂಧ?

ಇನ್ನೊಂದು. ಆಲ್ಫಾರ್ಡ್ ಅಂತ ಹೆಸರಿದ್ದದ್ದೆಲ್ಲಾ ಬರೂದಿಲ್ಲ ಇಲ್ಲಿ. ಸೆವ್ಸ್ ಅಂತ ಸರ್ಕಾರದ ಪಟ್ಟಿ ಐತಿ, ಅದರಾಗ ಮಾಡೆಲ್ ಕೋಡ್, ತಯಾರಾದ ತಿಂಗಳಿಂದ ತಿಂಗಳ್ತನಾ ಬರ್ದಿರ್ತಾರ. ಪಟ್ಟಿಗೆ ಸೇರಾಕ ಆರು ಬಾಗಿಲು ಅದಾವ: ಪರ್ಫಾರ್ಮೆನ್ಸ್, ಎನ್ವಿರಾನ್‌ಮೆಂಟ್, ಮೊಬಿಲಿಟಿ, ಲೆಫ್ಟ್ ಹ್ಯಾಂಡ್ ಡ್ರೈವ್, ರೇರಿಟಿ, ಕ್ಯಾಂಪರ್‌ವ್ಯಾನ್. ನಿಮ್ಮ ಹೈಬ್ರಿಡ್ ಎಟಿಎಚ್20 ಇರ್ಬೇಕು, ಅದು ಬರ್ತೈತಿ.

ಹಾಸನ್_ಟು_ಮೆಲ್ಬರ್ನ್
ಹೌದು ಸರ್, ಎಟಿಎಚ್20. ಪಟ್ಟಿಯಲ್ಲಿದೆ, ಇಂಪೋರ್ಟ್ ಅಪ್ರೂವಲ್ಲೂ ಹಡಗು ಹತ್ತೋಕ್ ಮುಂಚೆನೇ ಕೈಗೆ ಬಂದಿತ್ತು. ಆ ಕಡೆ ತೊಂದ್ರೆ ಇಲ್ಲ.

ಕೆಎ19_ಸಿಡ್ನಿ
ಹಾಗಾದ್ರೆ ದೊಡ್ಡ ಗಂಡಾಂತರ ದಾಟಿದ್ದೀರಿ. ಅಪ್ರೂವಲ್ ಇಲ್ಲದೆ ಗಾಡಿ ಬಂದಿಳಿದ್ರೆ ಕತೆ ಬೇರೆ. ಬಂದರಲ್ಲೇ ಸ್ಟೋರೇಜ್ ಏರ್ತಾ ಹೋಗ್ತದೆ, ಕೊನೆಗೆ ವಾಪಸ್ ಕಳ್ಸಿ ಇಲ್ಲ ನಾಶ ಮಾಡಿ ಅಂತಾರೆ, ಎರಡೂ ನಿಮ್ಮ ಖರ್ಚಲ್ಲೇ.

ಹಾಸನ್_ಟು_ಮೆಲ್ಬರ್ನ್
ಕ್ವಾರಂಟೈನ್ ವಿಷ್ಯ ಮಾತ್ರ ಅರ್ಥ ಆಗ್ಲಿಲ್ಲ. ಜಪಾನಲ್ಲೇ ತೊಳೆದು ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಅದಕ್ಕೂ ದುಡ್ಡು ತಗೊಂಡಿದ್ದಾರೆ. ಇಲ್ಲಿ ಬಂದ್ಮೇಲೆ ಮತ್ತೆ ಯಾಕೆ?

ಗೀತಾ_ಜೀಲಾಂಗ್
ಹಾಸನ್ ಅವ್ರೆ, ಫ್ರೈಟ್ ಫಾರ್ವರ್ಡಿಂಗ್‌ನಲ್ಲೇ ಕೆಲ್ಸ ನಂದು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ಅಲ್ಲಿ ತೊಳೆಯೋದು ಪ್ರೆಶರ್ ವಾಶ್ ಅಷ್ಟೇ, ಹೊರಗಡೆ ಥಳಥಳ ಅನ್ಸತ್ತೆ. ಇಲ್ಲಿನ ಬಯೋಸೆಕ್ಯೂರಿಟಿಯವರು ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡೋದು ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಒಳಗೆ, ಅಲ್ಲಿ ಒಣಗಿದ ಎಲೆ ಬೀಜ ಎಲ್ಲಾ ಸೇರ್ಕೊಂಡಿರತ್ತೆ. ಆಮೇಲೆ ಸ್ಟೆಪ್ನಿ ಇಡೋ ಗುಂಡಿ, ರೇಡಿಯೇಟರ್ ಮುಂದೆ ಸಿಕ್ಕಿರೋ ಹುಳ, ಸ್ಲೈಡಿಂಗ್ ಡೋರ್ ಓಡೋ ಹಳಿ, ವೀಲ್ ಆರ್ಚ್ ಒಳಗಿನ ಮಣ್ಣು, ಮೂರನೇ ಸಾಲಿನ ಸೀಟಿನ ಕೆಳಗಿನ ಕಾರ್ಪೆಟ್. ಆಲ್ಫಾರ್ಡ್ ತರದ ಗಾಡೀಲಿ ಮಕ್ಳು ತಿಂದು ಬೀಳ್ಸಿದ ಅಕ್ಕಿ ಕಾಳು ಸೀಟ್ ಹಳಿ ಒಳಗೆ ಸಿಕ್ಕಿದ್ರೂ ಸಾಕು, ಅದೂ ಬೀಜನೇ ಅವ್ರ ಲೆಕ್ಕದಲ್ಲಿ. ಒಂದ್ಸಲ ಫೇಲ್ ಅಂದ್ರೆ ಕ್ಲೀನಿಂಗ್, ಮತ್ತೆ ಇನ್‌ಸ್ಪೆಕ್ಷನ್, ಎರಡಕ್ಕೂ ಫೀ, ಮಧ್ಯೆ ಸ್ಟೋರೇಜ್. 2023ರಲ್ಲಂತೂ ಹೊಸ ಗಾಡಿಗಳಲ್ಲೇ ಬೀಜ ಹುಳ ಸಿಕ್ಕಿ ಮೆಲ್ಬರ್ನ್, ಪೋರ್ಟ್ ಕೆಂಬ್ಲಾ, ಬ್ರಿಸ್ಬೇನ್ ಮೂರೂ ಕಡೆ ತುಂಬಾ ಕೆಟ್ಟ ಬ್ಯಾಕ್‌ಲಾಗ್ ಆಯ್ತು, ಕಾರ್ ತುಂಬಿದ ಹಡಗುಗಳು ಹೊರಗೇ ಲಂಗರು ಹಾಕಿ ನಿಂತಿದ್ವು.

ನೀವು ಕೇಳ್ಬೇಕಾಗಿದ್ದು ಇಷ್ಟೇ: ಬಯೋಸೆಕ್ಯೂರಿಟಿಯಲ್ಲಿ ಫೇಲ್ ಆದ್ರೆ ಆ ಖರ್ಚು ಯಾರ್ದು? ಅಲ್ಲಿ ತೊಳೆದೋರು ಹೊಣೆ ಹೊರಲ್ಲ, ಸರ್ಟಿಫಿಕೇಟ್ ಇದ್ರೂ ಇಲ್ಲಿನ ಆಫೀಸರ್ ಕಣ್ಣೇ ಕೊನೆ ಮಾತು.

ಡ್ಯೂಟಿ ಪೇಪರ್ ಒಂದ್ಸಲ ತೆಗೆದು ನೋಡಿ. ಜಪಾನಲ್ಲೇ ತಯಾರಾದ ಗಾಡಿ ಆಗಿದ್ದು ಒರಿಜಿನ್ ದಾಖಲೆ ಸರಿಯಾಗಿದ್ರೆ 2015ರ ಜನವರಿಯಿಂದ ಇರೋ ಜಪಾನ್-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಲ್ಲಿ ಡ್ಯೂಟಿ ಬಿಡ್ತಾರೆ. ದಾಖಲೆ ಇಲ್ಲಾಂದ್ರೆ 5%. ಸಣ್ಣದು ಅನ್ಸತ್ತೆ, ಆದ್ರೆ ಜಿಎಸ್‌ಟಿ 10% ಹಾಕೋದು ಗಾಡಿ ಬೆಲೆ, ಡ್ಯೂಟಿ, ಹಡಗಿನ ಬಾಡಿಗೆ, ಇನ್ಶೂರೆನ್ಸ್ ನಾಲ್ಕೂ ಕೂಡಿಸಿದ ಮೇಲೆ. ಉದಾಹರಣೆಗೆ ಗಾಡಿ 20,000 ಡಾಲರ್, ಹಡಗು ಇನ್ಶೂರೆನ್ಸ್ ಸೇರಿ 2,500 ಅಂತ ಇಟ್ಕೊಳಿ. ಡ್ಯೂಟಿ ಇಲ್ಲಾಂದ್ರೆ ಜಿಎಸ್‌ಟಿ 2,250, ಅಲ್ಲಿಗೆ ಮುಗೀತು. ಡ್ಯೂಟಿ ಹಾಕಿದ್ರೆ 1,000, ಜಿಎಸ್‌ಟಿ 2,350, ಒಟ್ಟು 3,350. ಒಂದು ಕಾಗದ ಇಲ್ದೇ ಇದ್ದಿದ್ದಕ್ಕೆ 1,100 ಡಾಲರ್ ಕೈ ಬಿಡ್ತು. ಬ್ರೋಕರ್ ಕೋಟಲ್ಲಿ "ಟ್ಯಾಕ್ಸ್ ಅಂದಾಜು" ಅಂತ ಒಂದೇ ಸಾಲಿದ್ರೆ ಯಾವ ಲೆಕ್ಕ ಹಿಡಿದಿದ್ದಾರೆ ಅಂತಾನೇ ಗೊತ್ತಾಗಲ್ಲ.

ಹಾಸನ್_ಟು_ಮೆಲ್ಬರ್ನ್
ಮೇಡಂ, ತುಂಬಾ ಥ್ಯಾಂಕ್ಸ್. ಪೇಪರ್ ತೆಗೆದು ನೋಡ್ದೆ, ಡ್ಯೂಟಿ ಸೊನ್ನೆ ಇದೆ, ಸದ್ಯ. ಟೋ ಟ್ರಕ್ ಚಾರ್ಜ್ ಅಂತ ಬೇರೆ ಇದೆ, ಬಂದರಿಂದ ಕ್ಲೀನಿಂಗ್ ಜಾಗಕ್ಕೆ, ಅಲ್ಲಿಂದ ವರ್ಕ್‌ಶಾಪ್‌ಗೆ, ಎರಡು ಸಲ. ಇದೂ ಕೋಟಲ್ಲಿ ಇರ್ಲಿಲ್ಲ.

ಗೀತಾ_ಜೀಲಾಂಗ್
ರಿಜಿಸ್ಟ್ರೇಶನ್ ಇಲ್ದಿರೋ ಗಾಡಿ ರೋಡಲ್ಲಿ ಓಡ್ಸೋ ಹಾಗಿಲ್ಲವಲ್ಲ, ಅದಕ್ಕೆ ಟ್ರಕ್ಕೇ ಬೇಕು. ಆದ್ರೆ ಎರಡನೇದಕ್ಕೆ ಇನ್‌ವಾಯ್ಸ್ ಕೇಳಿ ತಗೊಳಿ, ಯಾವ ಜಾಗದಿಂದ ಯಾವ ಜಾಗಕ್ಕೆ ಅಂತ ಬರ್ದಿರ್ಬೇಕು.

ಸ್ಕೈಲೈನ್_ಹುಚ್ಚ
ನಾನು 25 ವರ್ಷ ದಾಟಿದ ಗಾಡಿ ತರ್ಸೋಣ ಅಂತಿದೀನಿ, ಅದಕ್ಕೆ ಈ ಸೆವ್ಸ್ ಪಟ್ಟಿ, ವರ್ಕ್‌ಶಾಪ್ ಜಂಜಾಟ ಇಲ್ಲ ಅಂತಾರೆ ನಿಜಾನಾ? ನಿಸಾನ್ ಸ್ಕೈಲೈನ್ ಆರ್33 ಮೇಲೆ ಕಣ್ಣಿದೆ 😍

ಕೆಎ19_ಸಿಡ್ನಿ
ಸೆವ್ಸ್ ಬೇಡ, ಇಂಪೋರ್ಟ್ ಅಪ್ರೂವಲ್ ಬೇಕೇ ಬೇಕು. ಆಮೇಲೆ ನಿಮ್ಮ ಸ್ಟೇಟ್‌ನ ರಿಜಿಸ್ಟ್ರೇಶನ್ ಇನ್‌ಸ್ಪೆಕ್ಷನ್ ಇದ್ದೇ ಇದೆ. ಹಳೇ ಗಾಡಿಯಲ್ಲಿ ತಲೆನೋವು ಆಸ್ಬೆಸ್ಟಾಸ್. 2003ರ ಕೊನೆಯಿಂದ ಆಸ್ಟ್ರೇಲಿಯಾದಲ್ಲಿ ಪೂರ್ತಿ ನಿಷೇಧ, ಆಮದಿಗೂ ಸೇರಿ. ಬ್ರೇಕ್ ಪ್ಯಾಡ್, ಕ್ಲಚ್, ಎಂಜಿನ್ ಗ್ಯಾಸ್ಕೆಟ್, ಎಕ್ಸಾಸ್ಟ್ ಗ್ಯಾಸ್ಕೆಟ್, ಇಷ್ಟರಲ್ಲಿ ಎಲ್ಲಾದ್ರೂ ಇರ್ಬೋದು ಅಂತ ಬಾರ್ಡರ್ ಫೋರ್ಸ್‌ನವ್ರಿಗೆ ಅನುಮಾನ ಬಂದ್ರೆ ಗಾಡಿ ನಿಲ್ಲಿಸಿ ಸ್ಯಾಂಪಲ್ ಟೆಸ್ಟ್ ಮಾಡ್ಸಿ ಅಂತಾರೆ, ಗಾಡಿ ಬಿಚ್ಚೋ ಕೂಲಿಯೂ ನಿಮ್ಮದೇ. ಸಿಕ್ಕಿದ್ರೆ ಫೈನ್ ಕೂಡ ಹಾಕ್ಬಹುದು. ಹಡಗು ಹತ್ತಿಸೋ ಮೊದ್ಲೇ ಜಪಾನಲ್ಲಿ ಪ್ಯಾಡ್ ಗ್ಯಾಸ್ಕೆಟ್ ಬದಲಾಯಿಸಿ ಬಿಲ್ ಫೋಟೋ ಇಟ್ಕೊಂಡವ್ರು ಆರಾಮಾಗಿದ್ದಾರೆ.

ಸ್ಕೈಲೈನ್_ಹುಚ್ಚ
ಅಯ್ಯೋ ಗಾಡಿಗಿಂತ ಗ್ಯಾಸ್ಕೆಟ್ಟೇ ಭಾರ ಆಯ್ತಲ್ಲ. ಅಣ್ಣಾ, ಅಮೆರಿಕದಲ್ಲಿರೋ ಕಸಿನ್ ಹತ್ರ ಒಂದು ಮಸ್ಟಾಂಗ್ ಇದೆ, ಅದನ್ನೇ ತರ್ಸಿದ್ರೆ?

ಗೀತಾ_ಜೀಲಾಂಗ್
ಅಮೆರಿಕ ಯುರೋಪ್ ಆದ್ರೆ ಸ್ಟಿಂಕ್ ಬಗ್ (ಬೆಳೆ ಹಾಳು ಮಾಡೋ ನಾತದ ಹುಳ) ಸೀಸನ್ ನೋಡ್ಕೊಳಿ. ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರ ಒಳಗೆ ಹಡಗು ಹತ್ತಿದ ವಾಹನಕ್ಕೆ ಹೀಟ್ ಅಥವಾ ಗ್ಯಾಸ್ ಟ್ರೀಟ್‌ಮೆಂಟ್ ಕಡ್ಡಾಯ. ಕಂಟೇನರ್‌ನಲ್ಲಿ ಬಂದ್ರೆ ಇಲ್ಲಿ ಮಾಡ್ಸೋಕೆ ದಾರಿ ಇದೆ, ಕಂಟೇನರ್ ಇಲ್ದೇ ಹಾಗೇ ಹಡಗಲ್ಲಿ ಟ್ರೀಟ್‌ಮೆಂಟ್ ಆಗ್ದೇ ಬಂದ್ರೆ ಇಳಿಸೋಕೇ ಬಿಡದೆ ವಾಪಸ್ ಕಳ್ಸ್ತಾರೆ. ಮೇ ತಿಂಗಳಲ್ಲಿ ಲೋಡ್ ಆಗೋ ಹಾಗೆ ಪ್ಲ್ಯಾನ್ ಮಾಡಿದ್ರೆ ಆ ಖರ್ಚೇ ಉಳೀತು.

ಆಕ್ಲೆಂಡ್_ಅಕ್ಕ
ನಾವು ನ್ಯೂಜಿಲೆಂಡಲ್ಲಿ ಇದ್ಕೊಂಡು ನಿಮ್ಮ ಕತೆ ಓದಿ ಪಾಪ ಅನ್ಸ್ತಿದೆ 😅 ಇಲ್ಲಿ ರೋಡಲ್ಲಿ ಓಡಾಡೋ ಗಾಡೀಲಿ ಅರ್ಧಕ್ಕರ್ಧ ಜಪಾನ್ ಸೆಕೆಂಡ್‌ಹ್ಯಾಂಡೇ ಅನ್ನೋ ಹಂಗಿದೆ, ಸೆವ್ಸ್ ತರ ಪಟ್ಟಿ ಇಲ್ಲ, ಡ್ಯೂಟಿ ಇಲ್ಲ, ಜಿಎಸ್‌ಟಿ 15% ಇದೆ. ಆದ್ರೆ ಇಲ್ಲೂ ಎಂಟ್ರಿ ಸರ್ಟಿಫಿಕೇಶನ್ ಅಂತ ಇದೆ, ಇಂಟೀರಿಯರ್ ಎಲ್ಲಾ ಎತ್ತಿ ತುಕ್ಕು ನೋಡ್ತಾರೆ. ಜಪಾನಲ್ಲಿ ಹಿಮ ಬೀಳೋ ಕಡೆ ರೋಡಿಗೆ ಉಪ್ಪು ಹಾಕ್ತಾರಲ್ಲ, ಹೊಕ್ಕೈಡೊ ಗಾಡಿ ಅಂದ್ರೆ ಕೆಳಗೆ ತುಕ್ಕು ಹಿಡಿದಿರೋದು ಜಾಸ್ತಿ. ರಿಪೇರಿ ಸರ್ಟಿಫೈಯರ್ ಹತ್ರ ಹೋಗ್ಬೇಕಾಗಿ ಬಂದ್ರೆ ದುಡ್ಡು ನೀರಿನ ಹಾಗೆ ಖರ್ಚು. 2020 ಮಾರ್ಚಿಂದ ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಜಾರದ ಹಾಗೆ ತಡೆಯೋ ವ್ಯವಸ್ಥೆ) ಇಲ್ಲದ ಸೆಕೆಂಡ್‌ಹ್ಯಾಂಡ್ ಕಾರ್ ಒಳಗೇ ಬಿಡಲ್ಲ, 2023ರಿಂದ ಕ್ಲೀನ್ ಕಾರ್ ಸ್ಟ್ಯಾಂಡರ್ಡ್ ಅಂತ ಹೊಗೆ ಜಾಸ್ತಿ ಬಿಡೋ ಗಾಡಿ ಮೇಲೆ ಇಂಪೋರ್ಟರ್‌ಗೆ ಚಾರ್ಜ್, ಅವನು ಅದನ್ನ ರೇಟಲ್ಲೇ ಸೇರಿಸ್ತಾನೆ.

ಸ್ಟಿಂಕ್ ಬಗ್ ಅಂದ್ರಲ್ಲ, 2018ರ ಫೆಬ್ರವರೀಲಿ ಜಪಾನ್‌ನಿಂದ ಬಂದ ಕಾರ್ ಹಡಗುಗಳನ್ನ ಆ ಹುಳ ಸಿಕ್ಕಿದ್ದಕ್ಕೆ ಇಲ್ಲಿಂದ ತಿರುಗಿಸಿ ಕಳ್ಸಿದ್ರು. ಆಮೇಲಿಂದ ಜಪಾನ್ ಗಾಡಿಗೆ ಅಲ್ಲೇ ಹೀಟ್ ಟ್ರೀಟ್‌ಮೆಂಟ್ ಮಾಡ್ಸೋ ರೂಲ್ ಬಂತು.

ಎಡವಟ್_ರಾಯ
ಅಕ್ಕಾ ನೀವು ಅಲ್ಲೊಂದು ತಗೊಂಡು ನಂಗೆ ಕಳ್ಸಿ 😂

ಆಕ್ಲೆಂಡ್_ಅಕ್ಕ
ಕಳ್ಸ್ತೀನಿ, ಅಲ್ಲಿ ಮತ್ತೆ ಸೆವ್ಸ್ ಅಪ್ರೂವಲ್ ವರ್ಕ್‌ಶಾಪ್ ಎಲ್ಲಾ ಮೊದಲಿಂದ ಶುರು ಮಾಡ್ಕೊಳಿ. ಇಲ್ಲಿ ಪಾಸಾಗಿದ್ದು ಅಲ್ಲಿ ನಡೆಯಲ್ಲ.

ಮಲ್ನಾಡ್_ಮಂಜು
ಒಂದು ಡೌಟು. ಜಪಾನ್ ಗಾಡಿಗೆ ಅಂತ ಕೇಳಿದ್ರೆ ಇನ್ಶೂರೆನ್ಸ್ ಆನ್‌ಲೈನ್ ಫಾರ್ಮ್ ಚಾಸಿ ನಂಬರ್ ತಗೊಳ್ತಾ ಇಲ್ಲ, 17 ಅಕ್ಷರ ಹಾಕು ಅನ್ನತ್ತೆ. ನಮ್ಮ ಗಾಡಿ ನಂಬರ್ ಅದಕ್ಕಿಂತ ಚಿಕ್ದು.

ಧಾರವಾಡದಾಂವ
ಜಪಾನ್ ಒಳಗ ಮಾರೋ ಗಾಡಿಗೆ 17 ಅಕ್ಷರದ ವಿನ್ ಅನ್ನೂ ಗಾಡಿ ಗುರುತಿನ ನಂಬರ್ ಇರೂದಿಲ್ರಿ, ಫ್ರೇಮ್ ನಂಬರ್ ಅಷ್ಟ, ಮಾಡೆಲ್ ಕೋಡ್, ಒಂದು ಗೆರಿ, ಆಮ್ಯಾಲೆ ಸೀರಿಯಲ್. ಫೋನ್ ಮಾಡಿ ಮಾತಾಡ್ರಿ, ಇಂಪೋರ್ಟ್ ಗಾಡಿ ತಗೋಳೂ ಕಂಪನಿ ಅದಾವ, ಎಲ್ಲಾರೂ ತಗೋಳೂದಿಲ್ಲ. ಪ್ರೀಮಿಯಂ ಜಾಸ್ತಿ ಬರ್ತೈತಿ. ಇದನ್ನೂ ಗಾಡಿ ತರ್ಸೂಕಿಂತ ಮೊದ್ಲ ಕೇಳೂದು ಚೊಲೋ, ಖರ್ಚಿನ್ಯಾಗ ಇದನ್ನ ಯಾರೂ ಹಿಡಿಯೂದಿಲ್ಲ.

ಮತ್ತ ರೇಡಿಯೋ. ಜಪಾನ್ ಎಫ್‌ಎಂ 76ರಿಂದ ಶುರುವಾಗಿ 90, ಈಗಿನವು 95ಕ್ಕ ಮುಗೀತಾವ, ನಮ್ಮಲ್ಲಿ 108ರತನಾ. ಅರ್ಧ ಸ್ಟೇಷನ್ ಸಿಗೂದಿಲ್ಲ. ನ್ಯಾವಿಗೇಶನ್ ಬಿಚ್ಚಿ ಹೊಸ ಹೆಡ್ ಯೂನಿಟ್ ಹಾಕ್ಸೂದು ಮತ್ತೊಂದು ಬಿಲ್. ನಮ್ಮ ಎಸ್ಟಿಮಾ ಸ್ಟಾರ್ಟ್ ಮಾಡಿದ ಕೂಡ್ಲೆ ಒಬ್ಬಾಕಿ ಹೆಣ್ಮಗಳು ಜಪಾನಿ ಭಾಷಾದಾಗ ಇಟಿಸಿ ಕಾರ್ಡ್ ಹಾಕಿಲ್ಲ ಅಂತಾಳ, ಅಲ್ಲಿನ ಟೋಲ್ ಕಾರ್ಡ್ ಅದು. ನಮ್ಮವ್ವ ಬಂದಾಗ ದಿನಾ ಆಕಿಗೆ "ಹೂಂ ಬಿಡವಾ" ಅಂತಿದ್ಲು. ಆ ಡಬ್ಬಿ ತಗಸೂದು ಸಣ್ಣ ಕೆಲ್ಸ, ಆದ್ರ ಅವ್ವ ಬ್ಯಾಡ ಅಂದ್ಲು.

ಹಾಸನ್_ಟು_ಮೆಲ್ಬರ್ನ್
ಹಹ್ಹಾ. ಧಾರವಾಡ ಸರ್, ಟಾಪ್ ಟೆದರ್ ಅಂದ್ರಲ್ಲ, ನಂಗೆ ಅದಕ್ಕೂ ಬೇರೆ ಬಿಲ್ ಹಾಕಿದಾರೆ. ಐಸೋಫಿಕ್ಸ್ (ಚೈಲ್ಡ್ ಸೀಟ್ ಕೆಳಗೆ ಸಿಗಿಸೋ ಕೊಂಡಿ) ಇದೆಯಲ್ಲಾ ಸಾಕಾಗಲ್ವಾ ಅಂತ ಕೇಳಿದ್ರೆ ಸಾಕಾಗಲ್ಲ ಅಂದ್ರು.

ಕೆಎ19_ಸಿಡ್ನಿ
ಅವರು ಹೇಳಿದ್ದು ಸರಿ. ಇಲ್ಲಿನ ಚೈಲ್ಡ್ ಸೀಟ್‌ಗೆ ಮೇಲಿನ ಪಟ್ಟಿ ಹಿಂದುಗಡೆ ಕೊಕ್ಕೆಗೆ ಸಿಗಿಸ್ಲೇಬೇಕು, ಆ ಕೊಕ್ಕೆಯ ಜಾಗ, ಬಲ ಎಲ್ಲಾ ಎಡಿಆರ್ 34 ಅಂತ ಇಲ್ಲಿನ ಗಾಡಿ ಸುರಕ್ಷತೆ ರೂಲ್‌ನಲ್ಲಿ ಇದೆ. ನಿಮ್ಮ ಮಕ್ಕಳು ಕೂರೋ ಜಾಗ ಅದು, ಆ ಕೆಲ್ಸ ಗಟ್ಟಿಯಾಗೇ ಆಗ್ಲಿ. ಆದ್ರೆ ಮಾಡೆಲ್ ರಿಪೋರ್ಟ್‌ನಲ್ಲೇ ಇರೋ ಕೆಲ್ಸ ಅಂದ್ಮೇಲೆ ಕಂಪ್ಲೈಯನ್ಸ್ ರೇಟ್ ಒಳಗೇ ಬರ್ಬೇಕಿತ್ತು, "ಎಕ್ಸ್‌ಟ್ರಾ" ಅಂತ ಹೇಗೆ ಹಾಕಿದ್ರು? ಗಾಡಿ ನೋಡೋಕ್ ಮೊದ್ಲೇ ಅವರಿಗೆ ಗೊತ್ತಿದ್ದ ಕೆಲ್ಸ ಅದು. ಟೈರ್ ಸವೆದಿದೆ, ವಿಂಡ್‌ಸ್ಕ್ರೀನ್ ಬಿರುಕು ಬಿಟ್ಟಿದೆ ಅಂದ್ರೆ ಎಕ್ಸ್‌ಟ್ರಾ ಒಪ್ಪುವಾ, ಅದು ಗಾಡಿಯಿಂದ ಗಾಡಿಗೆ ಬೇರೆ. ಕೊಕ್ಕೆ ಪ್ರತಿ ಗಾಡಿಗೂ ಒಂದೇ. ಇದನ್ನ ಹಿಡ್ಕೊಂಡು ಕೇಳಿ.

ಹಾಸನ್_ಟು_ಮೆಲ್ಬರ್ನ್
ಈ ಪಾಯಿಂಟ್ ಹೊಳೆದಿರ್ಲಿಲ್ಲ. ನಾಳೆನೇ ಇಮೇಲ್ ಹಾಕ್ತೀನಿ.

ಬೆಂದಕಾಳೂರು
ನಾವು ಎರಡು ವರ್ಷ ಬಿಟ್ಟು ಬೆಂಗಳೂರಿಗೆ ವಾಪಸ್ ಹೋಗ್ತೀವಿ. ಅಲ್ಲಿ ವೆಲ್‌ಫೈರ್ ಕೋಟಿ ದಾಟಿದೆ. ಇಲ್ಲಿಂದ ಆಲ್ಫಾರ್ಡ್ ಹಡಗಲ್ಲಿ ಹಾಕಿದ್ರೆ ಲಾಭ ಅಲ್ವಾ?

ಗೀತಾ_ಜೀಲಾಂಗ್
ಆಸೆ ಬಿಡಿ ಸರ್. ಭಾರತಕ್ಕೆ ಸೆಕೆಂಡ್‌ಹ್ಯಾಂಡ್ ಕಾರ್ ತಯಾರಾಗಿ ಮೂರು ವರ್ಷದ ಒಳಗಿರ್ಬೇಕು, ಮುಂಬೈ ಬಂದರಲ್ಲಿ ಮಾತ್ರ ಇಳಿಸ್ಬೇಕು, ಟೆಸ್ಟಿಂಗ್ ಏಜೆನ್ಸಿ ಸರ್ಟಿಫಿಕೇಟ್ ಬೇಕು, ಡ್ಯೂಟಿ ಗಾಡಿ ಬೆಲೆಗಿಂತ ಜಾಸ್ತಿ. ಇಲ್ಲೇ ಮಾರಿ ಹೋಗಿ.

ಸಿಂಗಪುರ_ಕುಡ್ಲ
ನಾವು ಈ ವರ್ಷ ಪರ್ತ್‌ಗೆ ಶಿಫ್ಟ್ ಆಗ್ತಿದೇವೆ, ಪಿಆರ್ (ಕಾಯಂ ವಾಸದ ವೀಸಾ) ಆಗಿದೆ. ಸಿಂಗಪುರದ ನಮ್ಮ ಕಾರ್ ತರ್ಬಹುದಾ? ಅಲ್ಲಿ ಡಿ-ರಿಜಿಸ್ಟರ್ ಮಾಡಿದ್ರೆ ರಿಬೇಟ್ ಬರ್ತದೆ, ಗಾಡಿ ಎಕ್ಸ್‌ಪೋರ್ಟ್ ಮಾಡ್ಲಿಕ್ಕೂ ಆಗ್ತದೆ, ಎರಡೂ ಲಾಭ ಅಂತ ಫ್ರೆಂಡ್ ಹೇಳಿದ.

ಕೆಎ19_ಸಿಡ್ನಿ
ನಿಮ್ಮೂರಿನವ್ನೇ ನಾನು, ಬನ್ನಿ ಬನ್ನಿ. ನೀವು ಪರ್ಸನಲ್ ಇಂಪೋರ್ಟ್ ದಾರಿಯಲ್ಲಿ ತರ್ಬಹುದು, ಅದಕ್ಕೆ ಸೆವ್ಸ್ ಬೇಡ. ಶರತ್ತು ಏನಂದ್ರೆ ಆ ಗಾಡಿ ನಿಮ್ಮ ಹೆಸರಲ್ಲೇ ಇದ್ದು, ನೀವು ಅಲ್ಲೇ ಇದ್ದು, ಕಮ್ಮಿ ಅಂದ್ರೆ 12 ತಿಂಗಳು ಒಂದೇ ಸಮನೆ ಬಳಸಿರ್ಬೇಕು. ಐದು ವರ್ಷಕ್ಕೆ ಒಂದೇ ಗಾಡಿ. ಕಂಪನಿ ಹೆಸರಲ್ಲಿದ್ರೆ, ಲೀಸ್‌ನಲ್ಲಿದ್ರೆ ಕಷ್ಟ. ಇನ್ಶೂರೆನ್ಸ್, ರೋಡ್ ಟ್ಯಾಕ್ಸ್, ಪಾಸ್‌ಪೋರ್ಟ್ ಸೀಲ್ ಎಲ್ಲಾ ಜೋಪಾನ ಮಾಡಿ. ಡಿ-ರಿಜಿಸ್ಟರ್ ಮಾಡ್ಲಿಕ್ಕೆ ಅವಸರ ಮಾಡ್ಬೇಡಿ, ಅಪ್ರೂವಲ್ ಕೈಗೆ ಬಂದ್ಮೇಲೆ ಮಾಡಿ, ಯಾಕಂದ್ರೆ ಅಲ್ಲಿ ನಂಬರ್ ಹೋಗಿ ಇಲ್ಲಿ ಒಪ್ಪಿಗೆ ಸಿಗದಿದ್ರೆ ಗಾಡಿ ಎರಡೂ ಕಡೆ ಇಲ್ಲ. ಜಿಎಸ್‌ಟಿ ಬಿಡುವುದಿಲ್ಲ, ಸ್ವಂತ ಗಾಡಿ ಅಂದ್ರೂ. ದುಬಾರಿ ಗಾಡಿ ಆದ್ರೆ ಲಕ್ಷುರಿ ಕಾರ್ ಟ್ಯಾಕ್ಸ್ ಬೇರೆ, ಮಿತಿ ದಾಟಿದ ಮೊತ್ತದ ಮೇಲೆ 33%, 2024-25ರಲ್ಲಿ ಆ ಮಿತಿ 80,567 ಡಾಲರ್ ಇತ್ತು, ಇಂಧನ ಉಳಿಸೋ ಗಾಡಿಗೆ 91,387.

ಸಿಂಗಪುರ_ಕುಡ್ಲ
ಗಾಡಿ ಹೆಂಡತಿ ಹೆಸರಲ್ಲಿದೆ, ಅವಳೂ ಬರ್ತಾಳೆ. ಅಪ್ಲಿಕೇಶನ್ ಅವಳೇ ಹಾಕ್ಬೇಕಾ?

ಕೆಎ19_ಸಿಡ್ನಿ
ಹೌದು, ಯಾರ ಹೆಸರಲ್ಲಿದೆಯೋ ಅವರೇ. ರೋವರ್ ಅಂತ ಅರ್ಜಿ ಹಾಕೋ ಸರ್ಕಾರದ ಪೋರ್ಟಲ್‌ನಲ್ಲಿ ಅವರ ಹೆಸರಲ್ಲೇ ಅಕೌಂಟ್ ಮಾಡಿ. ನೀವು ಅಕೌಂಟ್ ಮಾಡಿ ಅವರ ಪೇಪರ್ ಹಾಕಿದ್ರೆ ವಾಪಸ್ ಬರ್ತದೆ, ಅಲ್ಲಿಗೆ ಮತ್ತೆ ತಡ.

ಹಾಸನ್_ಟು_ಮೆಲ್ಬರ್ನ್
ಅಪ್‌ಡೇಟ್: ಕೊಕ್ಕೆ ಬಿಲ್ ವರ್ಕ್‌ಶಾಪ್‌ನವ್ರು ವಾಪಸ್ ತಗೊಂಡ್ರು, "ತಪ್ಪಾಗಿ ಎರಡು ಸಲ ಎಂಟ್ರಿ ಆಗಿತ್ತು" ಅಂತೆ, ಇರ್ಲಿ. ಟೈರ್ ನಂದೇ, ಕೊಟ್ಟೆ. ಎರಡನೇ ಟೋ ಬಿಲ್‌ಗೆ ಇನ್‌ವಾಯ್ಸ್ ಕೇಳಿದ್ದೀನಿ, ಬ್ರೋಕರ್ ಇನ್ನೂ ಉತ್ತರ ಕೊಟ್ಟಿಲ್ಲ. ವೆರಿಫೈಯರ್ ಬರೋ ದಿನ ಫಿಕ್ಸ್ ಮಾಡಿ ಅಂತ ಬರವಣಿಗೆಯಲ್ಲೇ ಕೇಳಿದೆ, ಮುಂದಿನ ವಾರ ಅಂದಿದ್ದಾರೆ. ರಾವ್‌ನಲ್ಲಿ ಏರಿದ್ಯೋ ಇಲ್ವೋ ಅಂತ ನಾನೇ ನೋಡ್ಕೋಬಹುದಾ, ಇಲ್ಲಾ ಅದಕ್ಕೂ ಅವರನ್ನೇ ಕೇಳ್ಬೇಕಾ?

ಧಾರವಾಡದಾಂವ
ನೀವ ನೋಡ್ಬಹುದ್ರಿ, ಪಬ್ಲಿಕ್ ಸರ್ಚ್ ಐತಿ. ಫ್ರೇಮ್ ನಂಬರ್ ಹಾಕ್ರಿ, ಏರಿದ್ರ ತೋರಿಸ್ತೈತಿ. ಏರಿದ ಮ್ಯಾಲೆ ರೋಡ್‌ವರ್ದಿ ಸರ್ಟಿಫಿಕೇಟ್ (ಗಾಡಿ ರೋಡಿಗೆ ಯೋಗ್ಯ ಅನ್ನೂ ಕಾಗದ) ಮಾಡಿಸ್ರಿ, ಅಲ್ಲಿಂದ ವಿಕ್‌ರೋಡ್ಸ್ (ನಿಮ್ಮ ಸ್ಟೇಟಿನ ಆರ್‌ಟಿಒ ಇದ್ದಂಗ) ಒಳಗ ಇನ್‌ಸ್ಪೆಕ್ಷನ್ ಅಪಾಯಿಂಟ್‌ಮೆಂಟ್ ತಗೋರಿ. ಅದಕ್ಕೂ ಸ್ಲಾಟ್ ಲಗೂನ ಸಿಗೂದಿಲ್ಲ, ಈಗ್ಲೇ ಒಂದು ಕಣ್ಣಿಡ್ರಿ. ಗಾಡಿ ಓಡಿಸ್ಕೊಂಡು ಹೋಗಾಕ ಅನ್‌ರಿಜಿಸ್ಟರ್ಡ್ ಪರ್ಮಿಟ್ ಮರೀಬ್ಯಾಡ್ರಿ.